ಕೋವಿ ನಳಿಗೆ ಮೇಲಿನ ನಂಬರ್ ಉಜ್ಜೋಕೆ ಹೋಗ್ಬೇಡಿ



ರಾಗಿ ತೆನೆ ಹಾಲು ತುಂಬೋ ಹೊತ್ತಿಗೆ ನಮ್ಮ ಚೌಳಹಿರಿಯೂರು ಕಡೆ ಹಂದಿ ಕಾಟ ಶುರುವಾಗುತ್ತೆ. ಲೈಸೆನ್ಸ್ ಇರೋ ಮನೆಗಳಲ್ಲಿ ಕೇಪಿನ ಕೋವಿ ಹೊರಗೆ ಬರುತ್ತೆ. ಬಂದ ಮೇಲೆ ಅದರ ತುಕ್ಕು ಕಣ್ಣಿಗೆ ಬೀಳುತ್ತೆ. ಈ ಸಲ ಮೂರು ಜನ ನನ್ನನ್ನ ಒಂದೇ ಮಾತು ಕೇಳಿದ್ರು: "ಅಣ್ಣಾ, ನಳಿಗೆ ಮೇಲೆ ಏನೇನೋ ಇಂಗ್ಲಿಷ್ ಅಕ್ಷರ, ನಂಬರು ಹೊಡೆದಿದಾರೆ. ತುಕ್ಕಿನ ಜೊತೆಗೆ ಅದನ್ನೂ ಅರ ಹಾಕಿ ತೆಗೆಸಿ ನುಣ್ಣಗೆ ಮಾಡಿಸ್ಬಹುದಾ?"

ಬೇಡ. ಯಾಕೆ ಬೇಡ ಅನ್ನೋದನ್ನ ಸ್ವಲ್ಪ ಉದ್ದಕ್ಕೇ ಬರೀತೀನಿ.

ಈ ಆಸೆ ಎಲ್ಲಿಂದ ಬರುತ್ತೆ ಅಂತ ನಂಗೆ ಗೊತ್ತು. ನಮ್ಮ ಅಣ್ಣನ ಮಗ ಮೊಬೈಲಲ್ಲಿ ಅಮೆರಿಕದವರ ವಿಡಿಯೋ ತೋರಿಸ್ದ. ಅಲ್ಲಿ ಬಾಯಿಂದ ಮದ್ದು ತುಂಬೋ ಕೋವಿ ಬಿಡಿಭಾಗಗಳಾಗಿ ಪೆಟ್ಟಿಗೇಲಿ ಬರುತ್ತೆ. ನಳಿಗೆ, ಮರ, ಕುದುರೆ ಎಲ್ಲಾ ಬೇರೆ ಬೇರೆ, ಮನೇಲಿ ಕೂತು ಜೋಡಿಸ್ಕೋತಾರೆ. ನಳಿಗೆ ಮೇಲೆ ಕಂಪನಿ ಹೆಸರು, ‘ಕಪ್ಪು ಮದ್ದು ಮಾತ್ರ’ ಅನ್ನೋ ಎಚ್ಚರಿಕೆ ಅಚ್ಚಾಗಿರುತ್ತೆ. ಅಜ್ಜನ ಕಾಲದ ಕೋವಿ ಥರ ಕಾಣ್ಲಿ ಅಂತ ಕೆಲವರು ಅದನ್ನ ಉಜ್ಜಿ ತೆಗೀತಾರೆ. ಅಲ್ಲಿನ ಕೇಂದ್ರದ ಕಾನೂನು, 1968ರ ಗನ್ ಕಂಟ್ರೋಲ್ ಆಕ್ಟ್, ಇಂಥ ಕೋವಿಗಳನ್ನ ಬಹುಮಟ್ಟಿಗೆ ಪುರಾತನ ವಸ್ತು ಅನ್ನೋ ಲೆಕ್ಕಕ್ಕೆ ಹಾಕಿ ಬಿಟ್ಟುಬಿಟ್ಟಿದೆ. ಅವರಿಗೆ ಅದು ಹವ್ಯಾಸ. ನಮಗೆ ಅದು ಲೈಸೆನ್ಸಿನ ಆಯುಧ. ಆ ವಿಡಿಯೋ ನೋಡಿ ಇಲ್ಲಿ ಅರ ಹಿಡಿದ್ರೆ ಕಥೆ ಬೇರೆ ಆಗುತ್ತೆ.

ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಯ 8ನೇ ಸೆಕ್ಷನ್ ನೇರವಾಗಿ ಇದರ ಬಗ್ಗೆನೇ ಇರೋದು. ಕೋವಿ ಮೇಲಿನ ಹೆಸರು, ನಂಬರ್, ಗುರುತು ಯಾವುದನ್ನೂ ಅಳಿಸಬಾರದು, ತೆಗೀಬಾರದು, ತಿದ್ದಬಾರದು, ಸುಳ್ಳು ಗುರುತು ಹೊಡೀಬಾರದು. ಮಾಡಿದ್ರೆ ಜೈಲು ಶಿಕ್ಷೆ ಆಗೋ ಅಪರಾಧ. ಅದಕ್ಕಿಂತ ಮುಖ್ಯವಾದ್ದು ಇನ್ನೊಂದು ಐತೆ. ಗುರುತು ಅಳಿಸಿದ ಕೋವಿ ಯಾರ ಹತ್ರ ಸಿಗುತ್ತೋ ಅವರೇ ಅಳಿಸಿದ್ದು ಅಂತ ಕಾನೂನು ಅಂದ್ಕೊಳ್ಳುತ್ತೆ. ನಾನಲ್ಲ ಅಂತ ರುಜುವಾತು ಮಾಡೋ ಭಾರ ನಮ್ಮ ತಲೆ ಮೇಲೆ. ಅಪ್ಪನೋ ದೊಡ್ಡಪ್ಪನೋ ಯಾವತ್ತೋ ಉಜ್ಜಿಸಿದ್ರೂ ಇವತ್ತು ಠಾಣೆ ಮೆಟ್ಟಿಲು ಹತ್ತೋನು ಮಗ.

ಅದೇ ಕಾಯ್ದೆ ರೈತನನ್ನ ಮರೆತಿಲ್ಲ ಅನ್ನೋದನ್ನೂ ಹೇಳ್ಬೇಕು. 13ನೇ ಸೆಕ್ಷನ್ನಲ್ಲಿ ಬೆಳೆ ರಕ್ಷಣೆಗೆ ಬಾಯಿಂದ ತುಂಬೋ ಕೋವಿ ಅಂತ ಹೆಸರಿಟ್ಟು ಲೈಸೆನ್ಸಿಗೆ ದಾರಿ ಮಾಡಿದಾರೆ. ಆ ಅನುಕೂಲ ನಿಂತಿರೋದೇ ಲೈಸೆನ್ಸ್ ಪುಸ್ತಕದ ನಂಬರ್ರೂ ನಳಿಗೆಯ ನಂಬರ್ರೂ ಒಂದೇ ಅನ್ನೋದರ ಮೇಲೆ.

ಇನ್ನು ಆ ಗುರುತುಗಳು ಏನು ಹೇಳ್ತವೆ ಅಂತ ನೋಡಾಣ. ನಮ್ಮಪ್ಪನ ಕೋವಿ ಬಿಹಾರದ ಮುಂಗೇರ್‌ನಲ್ಲಿ ತಯಾರಾದದ್ದು. ಕೋವಿ ಕೆಲಸಕ್ಕೆ 1760ರ ದಶಕದಿಂದ, ನವಾಬ ಮೀರ್ ಕಾಸಿಂ ಕಾಲದಿಂದ ಹೆಸರಾದ ಊರು ಅದು. ನಳಿಗೆ ಬುಡದಲ್ಲಿ ತಯಾರಕರ ಹೆಸರು, ಊರು, ನಂಬರ್ ಐತೆ. ಪಕ್ಕದಲ್ಲಿ ಚಿಕ್ಕ ಮುದ್ರೆ, ಅದು ಪ್ರೂಫ್ ಗುರುತು. ಅಂದ್ರೆ ಮಾಮೂಲಿಗಿಂತ ಜಾಸ್ತಿ ಮದ್ದು ತುಂಬಿ ಹೊಡೆದು ನೋಡಿದಾರೆ, ನಳಿಗೆ ತಡೆದಿದೆ ಅಂತ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಲ್ಲಿ ಈ ಪರೀಕ್ಷೆಗೆ ಅಂತಲೇ 1813ರಲ್ಲಿ ಕಾನೂನು ಮಾಡಿ ಒಂದು ಸಂಸ್ಥೆ ಕಟ್ಟಿದ್ರು. ಕೆಲವರ ಮನೆ ಹಳೇ ವಿಲಾಯ್ತಿ ಕೋವಿ ಮೇಲಿರೋ ಕಿರೀಟದ ಮುದ್ರೆ ಇಂಥದ್ದೇ. ನಮ್ಮಲ್ಲೂ ಇದು ಹೊಸದಲ್ಲ, ಟಿಪ್ಪು ಕಾಲದ ಶ್ರೀರಂಗಪಟ್ಟಣದ ಕೋವಿ ನಳಿಗೆಗಳ ಮೇಲೆ ಹುಲಿಮುಖದ ಮುದ್ರೆ ಇರ್ತಿತ್ತು. 12 ಅಂತ ಇದ್ರೆ ಅದು ಬಾಯಿಯ ಅಳತೆ. ಆ ನಳಿಗೆಗೆ ಸರಿಹೋಗೋ ಸೀಸದ ಗುಂಡು ಒಂದು ಪೌಂಡಿಗೆ 12 ಬರುತ್ತೆ ಅನ್ನೋ ಲೆಕ್ಕ.

ಅದೇ ಬುಡದಲ್ಲಿ ಮದ್ದು ಹತ್ತಿ ಉರಿಯೋದು. ಒತ್ತಡ ಪೂರ್ತಿ ಅಲ್ಲೇ. ಗುರುತು ತೆಗೀಬೇಕು ಅಂದ್ರೆ ಅಲ್ಲಿನ ಕಬ್ಬಿಣ ತೆಳ್ಳಗೆ ಮಾಡ್ಬೇಕು. ಒಳಗೆ ತುಕ್ಕು ತಿಂದಿರೋ ನಳಿಗೇನ ಹೊರಗಿಂದ್ಲೂ ತೆಳ್ಳಗೆ ಮಾಡಿದ್ರೆ ಒಡೆದು ಹೋಗೋದು ನಮ್ಮ ಎಡಗೈ ಹತ್ರ, ಮುಖದ ಹತ್ರ.

ಈಗ ನಮ್ಮನೆ ವಿಷಯ. ಅಪ್ಪ ತೀರಿಕೊಂಡ ಮೇಲೆ ಕೋವಿನ ಠಾಣೆಗೆ ಒಪ್ಪಿಸಿದ್ವಿ. ಲೈಸೆನ್ಸ್ ಇದ್ದವರು ಹೋದ ಮೇಲೆ ತಡಮಾಡದೆ ಠಾಣೆಗೋ ಲೈಸೆನ್ಸ್ ಇರೋ ಕೋವಿ ಅಂಗಡಿಗೋ ಒಪ್ಪಿಸ್ಬೇಕು ಅಂತ 21ನೇ ಸೆಕ್ಷನ್ ಹೇಳುತ್ತೆ. ಅಣ್ಣ ವಾರಸುದಾರ ಅಂತ ಅರ್ಜಿ ಹಾಕಿದ. ಕಾಗದ ಪತ್ರ ಓಡಾಡಿ ಲೈಸೆನ್ಸ್ ಬರೋ ಹೊತ್ತಿಗೆ ಎರಡು ಮಳೆಗಾಲ ಕಳೆದಿತ್ತು. ಬಿಡಿಸ್ಕೊಳ್ಳೋಕೆ ಹೋದಾಗ ನೋಡ್ತೀವಿ, ಗೋಡೆಗೆ ಒರಗಿಸಿದ ಒಂದೇ ಥರದ ಹತ್ತಿಪ್ಪತ್ತು ಕೋವಿ. ದಾರದಲ್ಲಿ ಕಟ್ಟಿದ ಚೀಟಿ ಅರ್ಧಕ್ಕರ್ಧ ಗೆದ್ದಲು ತಿಂದಿತ್ತು. ನಮ್ಮದು ಯಾವುದು ಅಂತ ಅಣ್ಣ ಮರದ ಮೇಲಿನ ಸುಟ್ಟ ಕಲೆ ನೋಡಿ ಗುರುತು ಹಿಡಿದ. ಅಲ್ಲಿದ್ದವರು, "ಕಲೆ ಲೆಕ್ಕಕ್ಕಿಲ್ಲ ಯಜಮಾನ್ರೇ, ನಂಬರ್ ತೋರ್ಸಿ" ಅಂದ್ರು. ನಂಬರ್ ಮೇಲೆ ತುಕ್ಕು ಹಪ್ಪಳೆಗಟ್ಟಿತ್ತು. ಕೊನೇ ಅಂಕಿ 1 ಅಂತ ಕಾಣ್ತಿತ್ತು, ಪುಸ್ತಕದಲ್ಲಿ 7 ಇತ್ತು. ಕೊಡಲ್ಲ ಅಂದ್ರು. ಆ ಕ್ಷಣಕ್ಕೆ ಸಿಟ್ಟು ಬಂತು, ಆದ್ರೆ ಯೋಚ್ನೆ ಮಾಡಿದ್ರೆ ಅವರು ಹೇಳಿದ್ದೂ ಸರಿಯೇ.

ಹೊರಗೆ ಟೀ ಅಂಗಡೀಲಿ ಒಬ್ಬ ಪರಿಚಯದವನು, "ಒಂದ್ಸಲ ಗ್ರೈಂಡರ್ ಹಿಡಿಸಿ, ಪುಸ್ತಕದಲ್ಲಿರೋ ನಂಬರ್ ಪಂಚ್ ಮಾಡಿಸ್ಬಿಡಿ, ಐದು ನಿಮಿಷದ ಕೆಲಸ" ಅಂದ. ಅಣ್ಣನ ಮಗ ಹೂಂ ಅನ್ನೋಕೆ ತಯಾರಾಗಿದ್ದ. ಅಣ್ಣ ಹೇಳಿದ್ದು ಒಂದೇ ಮಾತು: "ಲೇ, ಅಪ್ಪ ಬಿಟ್ಟುಹೋದ ನಂಬರ್ ಅದರ ಅಡಿಯಲ್ಲೇ ಐತೆ. ಹೊಸದು ಹೊಡೆದ್ರೆ ನಾವೇ ಕಳ್ಳರಾಗ್ತೀವಿ." ಅರ ಹಾಕಿದ್ರೂ ಆ ನಂಬರ್ ಪೂರ್ತಿ ಹೋಗಲ್ಲ, ತಿಳ್ಕೊಳ್ಳಿ. ಪಂಚ್ ಹೊಡೆದ ಏಟು ಲೋಹದ ಒಳಗೂ ಇಳಿದಿರುತ್ತೆ. ಫೋರೆನ್ಸಿಕ್ ಲ್ಯಾಬಿನವರು ಅದನ್ನ ಮತ್ತೆ ಓದ್ತಾರೆ.

ನಾವು ಠಾಣೆಯವರನ್ನೇ ಕೇಳ್ಕೊಂಡ್ವಿ, ನಿಮ್ಮ ಕಣ್ಣೆದುರಿಗೇ ತುಕ್ಕು ಒರೆಸ್ತೀವಿ ಅಂತ. ಒಪ್ಪಿದ್ರು. ಮೊದಲು ಗಜ ನಳಿಗೆ ಒಳಗೆ ಬಿಟ್ಟು ಬುಡದವರೆಗೆ ಇಳಿಯುತ್ತಾ ನೋಡಿದ್ವಿ. ಹಳೇ ಕೋವಿ ಒಳಗೆ ಯಾವತ್ತೋ ತುಂಬಿಟ್ಟ ಮದ್ದು ಹಾಗೇ ಇರಬಹುದು, ಇದನ್ನ ಬಿಟ್ಟು ಮುಂದಿನ ಕೆಲಸಕ್ಕೆ ಕೈ ಹಾಕ್ಲೇಬಾರದು. ಖಾಲಿ ಇತ್ತು. ಆಮೇಲೆ ಸೀಮೆಎಣ್ಣೆಗೆ ಸ್ವಲ್ಪ ಮಿಷಿನ್ ಎಣ್ಣೆ ಸೇರಿಸಿ, ಹತ್ತಿ ಬಟ್ಟೆ ನೆನೆಸಿ ನಂಬರ್ ಮೇಲೆ ಸುತ್ತಿದ್ವಿ. ಮಧ್ಯಾಹ್ನದವರೆಗೆ ಬಿಟ್ಟು ಹಳೇ ಹಲ್ಲುಜ್ಜೋ ಬ್ರಷ್ಷಲ್ಲಿ ತಿಕ್ಕಿದ್ವಿ. ಒರೆಸಿ, ಸೀಮೆಸುಣ್ಣದ ಪುಡಿ ಹಚ್ಚಿ, ಪಕ್ಕದಿಂದ ಟಾರ್ಚ್ ಬಿಟ್ವಿ. 7ರ ತಲೆಯ ಗೆರೆ ಬೆಳ್ಳಗೆ ಎದ್ದು ಬಂತು. ಪುಸ್ತಕ ಪಕ್ಕದಲ್ಲಿಟ್ಟು ನೋಡಿದ್ರು, ಸಹಿ ಹಾಕಿಸ್ಕೊಂಡು ಕೋವಿ ಕೊಟ್ರು.

ದನಕ್ಕೆ ಕಿವಿ ಓಲೆ ಹಾಕ್ಸಿದಾಗ, "ಪಾಪ, ಕಿವಿ ಅಂದಗೆಡುತ್ತೆ" ಅಂತ ನಮ್ಮವ್ವ ಬೈತಿದ್ರು. ಆದ್ರೆ ಹಸು ಸತ್ತ ದಿನ ಇನ್ಶೂರೆನ್ಸಿನವರು ಮೊದಲು ಕೇಳೋದು ಆ 12 ಅಂಕಿಯ ಓಲೇನೇ. ನಳಿಗೆ ನಂಬರ್ರೂ ಹಂಗೇ. ಚುನಾವಣೆ ಬಂದಾಗೆಲ್ಲ ಕೋವಿ ಠಾಣೇಲಿ ಇಟ್ಟು ಬರ್ತೀವಲ್ಲ, ನಮ್ಮದು ನಮಗೇ ವಾಪಸ್ ಬರೋದು ಅದರಿಂದ್ಲೇ.

ಕೋವಿ ಇರೋರು ಇಷ್ಟು ಮಾಡಿ:

1. ನಂಬರ್ ಇರೋ ಜಾಗಕ್ಕೆ ಗ್ರೈಂಡರ್, ಅರ, ಎಮರಿ ಪೇಪರ್ ಬೇಡ. ಹುಣಸೆಹುಳಿ, ನಿಂಬೆಹಣ್ಣು, ಆಸಿಡ್ಡೂ ಬೇಡ, ತುಕ್ಕಿನ ಜೊತೆ ಅಕ್ಷರವನ್ನೂ ತಿನ್ನುತ್ತೆ. ಎಣ್ಣೆ, ಬಟ್ಟೆ, ತಾಳ್ಮೆ ಸಾಕು.

2. ಠಾಣೆಗೆ ಕೊಡೋ ಮುಂಚೆ ನಳಿಗೆಗೆ ಎಣ್ಣೆ ಸವರಿ. ನಂಬರ್ ಕಾಣೋ ಹಂಗೆ ಫೋಟೋ ತೆಗೆದಿಟ್ಕೊಳ್ಳಿ, ರಸೀದಿಯಲ್ಲಿ ನಂಬರ್ ಬರೆಸ್ಕೊಳ್ಳಿ.

3. ರಿಪೇರಿಗೆ ಲೇತ್ ಅಂಗಡಿ ಬೇಡ. ಕೋವಿ ರಿಪೇರಿ ಮಾಡೋಕೂ 5ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಬೇಕು, ಅದು ಇರೋರ ಹತ್ರನೇ ಕೊಡಿ.

4. ನಂಬರ್ ಈಗಾಗ್ಲೇ ಸವೆದು ಹೋಗಿದ್ರೆ ನೀವೇ ಹೊಡೆಸೋಕೆ ಹೋಗ್ಬೇಡಿ. ಲೈಸೆನ್ಸ್ ಕೊಟ್ಟ ಕಚೇರಿಗೆ ಬರವಣಿಗೆಯಲ್ಲಿ ತಿಳಿಸಿ, ಹಿಂಬರಹ ತಗೊಳ್ಳಿ.

5. ಮನೇಲಿ 70 ದಾಟಿದ ಲೈಸೆನ್ಸುದಾರರು ಇದ್ರೆ, ಇಲ್ಲಾ ಕೋವಿ ಇಟ್ಕೊಂಡು 25 ವರ್ಷ ಆಗಿದ್ರೆ, ಅವರು ಬದುಕಿದ್ದಾಗಲೇ ವಾರಸುದಾರರ ಹೆಸರಿಗೆ ಅರ್ಜಿ ಹಾಕೋಕೆ 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಅವಕಾಶ ಐತೆ. ಹಿರಿಯರು ಎದುರಿಗಿದ್ದಾಗ ನಂಬರ್ ತಾಳೆ ನೋಡೋದು ಸುಲಭ.

ನಿಮ್ಮ ಕೋವಿ ಮೇಲೆ ಯಾವ ಊರಿನ ಹೆಸರು, ಯಾವ ಮುದ್ರೆ ಐತೆ ಅಂತ ಬರೆದು ತಿಳಿಸಿ, ನಂಗೂ ಕುತೂಹಲ. ನಂಬರ್ ಮಾತ್ರ ಇಲ್ಲಿ ಹಾಕ್ಬೇಡಿ, ಅದು ನಿಮ್ಮ ಪುಸ್ತಕದಲ್ಲಿ, ನಳಿಗೆ ಮೇಲೆ ಇದ್ರೆ ಸಾಕು.