ಳಕಾರ ಕೂರುವ ಜಾಗ

ದೆಹಲಿಯ ಮುನಿರ್ಕಾ ಹಳ್ಳಿಯ ಗಲ್ಲಿಗಳು ಎಷ್ಟು ಇಕ್ಕಟ್ಟೆಂದರೆ, ಎದುರುಮನೆಯ ಕುಕ್ಕರ್ ಕೂಗಿದರೆ ನಾವು ಎದ್ದು ಹೋಗಿ ನಮ್ಮ ಒಲೆ ಆರಿಸುತ್ತೇವೆ. ನನ್ನ ಕೋಣೆಗೆ ಸೂರ್ಯನ ಪರಿಚಯವೇ ಇಲ್ಲ. ಹಗಲಿಡೀ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ನೋಡುವ ಕಸುಬಿನವನಿಗೆ ಅದೇ ಅನುಕೂಲ. ಸಿಸ್ಟಂ ಅಡ್ಮಿನ್ ಅಂದರೇನು ಎಂದು ಊರಿನಲ್ಲಿ ವಿವರಿಸಲು ಹೊರಟಾಗ ಸೋದರಮಾವ ಅರ್ಧಕ್ಕೇ ತಡೆದು, "ಲೈನ್‌ಮನ್ ಅನ್ನು ಮಾರಾಯ, ಕರೆಂಟ್ ಹೋದಾಗ ಮಾತ್ರ ನೆನಪಾಗೋನು" ಎಂದರು. ಅಂದಿನಿಂದ ನಾನೂ ವಿವರಿಸುವ ಗೋಜಿಗೆ ಹೋಗಿಲ್ಲ.

ಕಸುಬು ಕಲಿಸಿದವರು ಹುಬ್ಬಳ್ಳಿ ಕಡೆಯ ಒಬ್ಬ ಹಿರಿಯರು. 1984ರ ರಂಗರಾಜನ್ ಸಮಿತಿಯ ವರದಿಯ ಬೆನ್ನಿಗೆ ಬ್ಯಾಂಕುಗಳಿಗೆ ಕಂಪ್ಯೂಟರ್ ಬಂದ ಕಾಲದಲ್ಲಿ ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ಅರೆದು ಕುಡಿದವರು. ಮೌಸ್ ಕಂಡರೆ ಅವರಿಗೆ ಆಗದು. ನಾನು ಒಂದೊಂದೇ ಕಡತ ತೆರೆದು ಹೆಸರು ಬದಲಿಸುತ್ತಾ ಕೂತಿದ್ದನ್ನು ಹಿಂದಿನಿಂದ ನೋಡಿ ಅಂದರು: "ಒಂದು ಕೆಲಸ ಎರಡು ಸಲ ಕೈಲೆ ಮಾಡು, ಬ್ಯಾಡ ಅನ್ನಂಗಿಲ್ಲ. ಮೂರನೇ ಸಲಾನೂ ಕೈಲೇನ ಮಾಡಿದಿ ಅಂದ್ರ ನಿನ್ನ ಪಗಾರ ದಂಡ ನೋಡ್ ತಮ್ಮಾ." ಆಜ್ಞೆಗಳನ್ನು ಪ್ರತಿಸಲ ಟೈಪ್ ಮಾಡುವ ಬದಲು ಒಂದು ಕಡತದಲ್ಲಿ ಸಾಲಾಗಿ ಬರೆದಿಟ್ಟರೆ ಅದೇ ಸ್ಕ್ರಿಪ್ಟ್. ರಾತ್ರಿ ಎರಡು ಗಂಟೆಗೆ ಹೊತ್ತು ನೋಡಿ ಕೆಲಸ ಶುರುಮಾಡುವ ಕ್ರಾನ್ ಅದನ್ನು ತಾನೇ ಎಬ್ಬಿಸಿ ಓಡಿಸುತ್ತದೆ. ಬ್ಯಾಕಪ್ ಆಗುವಾಗ ನಾವು ಗೊರಕೆ ಹೊಡೆಯುತ್ತಿರುತ್ತೇವೆ.

ಎಂಟರ್ ಕೀಲಿಯ ಮೇಲ್ಗಡೆಯ ಕೀಲಿಯಲ್ಲಿ ಒಂದು ನಿಂತ ಗೆರೆ ಇದೆ. ಹೆಚ್ಚಿನವರು ಅದನ್ನು ಜನ್ಮದಲ್ಲಿ ಒತ್ತಿರುವುದಿಲ್ಲ. ನಮ್ಮ ಅನ್ನ ಇರುವುದು ಅದರಲ್ಲೇ. ಅದರ ಹೆಸರು ಪೈಪ್. ಯುನಿಕ್ಸ್ ಆಜ್ಞೆಗಳಲ್ಲಿ ಹುಡುಕುವುದು ಗ್ರೆಪ್‌ನ ಕೆಲಸ, ತಿದ್ದುವುದು ಸೆಡ್‌ನದು, ಅನುಕ್ರಮದಲ್ಲಿ ಜೋಡಿಸುವುದು ಸಾರ್ಟ್‌ನದು. ಒಬ್ಬೊಬ್ಬರಿಗೂ ಬರುವುದು ಒಂದೇ ವಿದ್ಯೆ. ನಡುವೆ ಈ ಗೆರೆ ಹಾಕಿದರೆ ಒಂದರಿಂದ ಹೊರಬಿದ್ದದ್ದು ನೇರವಾಗಿ ಇನ್ನೊಂದರ ಒಳಕ್ಕೆ. ಹೀಗೆ ಜೋಡಿಸುವಂತಿರಬೇಕು ಎಂದು ಬೆಲ್ ಲ್ಯಾಬ್ಸ್‌ನ ಡಗ್ ಮೆಕಿಲ್ರಾಯ್ 1964ರಲ್ಲೇ ಟಿಪ್ಪಣಿ ಬರೆದಿಟ್ಟಿದ್ದ. 1973ರಲ್ಲಿ ಕೆನ್ ಥಾಂಪ್ಸನ್ ಒಂದು ರಾತ್ರಿ ಕೂತು ಮಾಡಿ ಮುಗಿಸಿದ. ಒಂಬತ್ತು ವರ್ಷದ ಬೇಡಿಕೆ, ಒಂದು ರಾತ್ರಿಯ ಕೆಲಸ. ನಮ್ಮ ಸರ್ಕಾರಿ ಕಡತಗಳನ್ನು ನೋಡಿದವರಿಗೆ ಇದೇನೂ ದೊಡ್ಡ ಆಶ್ಚರ್ಯವಲ್ಲ. ವಿಂಡೋಸ್ ಪಾಳೆಯದವರಿಗೆ ಈ ಸುಖ ಪೂರ್ತಿಯಾಗಿ ಸಿಗಲು 2006ರವರೆಗೆ ಕಾಯಬೇಕಾಯಿತು; ಜೆಫ್ರಿ ಸ್ನೋವರ್ ರೂಪಿಸಿದ ಪವರ್‌ಶೆಲ್ ಬಂದದ್ದು ಆಗ. ಆತ ಪೈಪಿನೊಳಗೆ ಬರೀ ಅಕ್ಷರದ ಬದಲು ಇಡೀ ವಸ್ತುವನ್ನೇ ಹರಿಸಿದ. ಜಾಣತನವೇ ಸರಿ, ಆದರೆ ಅದರ ಆಜ್ಞೆಗಳ ಉದ್ದಕ್ಕೆ ನನ್ನ ಬೆರಳು ಇನ್ನೂ ಒಗ್ಗಿಲ್ಲ.

ನಮ್ಮಲ್ಲಿ ಈ ವಿದ್ಯೆ ಬ್ಯಾಂಕು, ಪ್ರಯೋಗಾಲಯಗಳ ಬಾಗಿಲು ದಾಟಿ ಬೀದಿಗೆ ಬಂದದ್ದು ಒಂದು ಸಿ.ಡಿ.ಯ ದೆಸೆಯಿಂದ. 1996ರಲ್ಲಿ ಪಿಸಿ ಕ್ವೆಸ್ಟ್ ಪತ್ರಿಕೆ ಸಂಚಿಕೆಯ ಜೊತೆ ಯುನಿಕ್ಸ್ ಮಾದರಿಯ ಲಿನಕ್ಸ್‌ನ ಸಿ.ಡಿ. ಹಂಚಿತು. ಅದರ ಹಿಂದಿದ್ದವರು ಬೆಂಗಳೂರಿನ ಅತುಲ್ ಚಿಟ್ನಿಸ್. ಅಂತರ್ಜಾಲದಿಂದ ಇಳಿಸಿಕೊಳ್ಳುವುದು ಕನಸಾಗಿದ್ದ ಕಾಲ ಅದು. ಪತ್ರಿಕೆ ಕೊಂಡವನ ಸಿ.ಡಿ. ಹತ್ತು ಮನೆ ಸುತ್ತುತ್ತಿತ್ತು. ಅವರ ಬಳಗವೇ 2001ರಲ್ಲಿ ಲಿನಕ್ಸ್ ಬೆಂಗಳೂರು ಸಮಾವೇಶ ಶುರುಮಾಡಿತು. ಅದು 2005ರಲ್ಲಿ ಫಾಸ್ ಡಾಟ್ ಇನ್ ಎಂಬ ಹೆಸರು ತಳೆಯಿತು. ಚಿಟ್ನಿಸ್ 2013ರಲ್ಲಿ ತೀರಿಕೊಂಡರು. ಅವರು ಹಚ್ಚಿಹೋದ ಚಾಳಿ ಮಾತ್ರ ಹೋಗಿಲ್ಲ. ಎಲ್ಲಿ ಇಬ್ಬರು ಅಡ್ಮಿನ್‌ಗಳು ಚಹಾಕ್ಕೆ ಕೂತರೂ ನಾಲ್ಕನೇ ಗುಟುಕಿಗೆ ಒಬ್ಬನ ಸ್ಕ್ರಿಪ್ಟ್ ಇನ್ನೊಬ್ಬನ ಜೇಬಿಗೆ ಹೋಗಿರುತ್ತದೆ.

ನನಗೆ ಆ ಚಾಳಿಯ ಲಾಭ ಸಿಕ್ಕಿದ್ದು ರಾಜ್ಯೋತ್ಸವದ ಸಮಯದಲ್ಲಿ. ನಮ್ಮ ಕನ್ನಡಿಗರ ಗುಂಪಿನ ಆಹ್ವಾನಿತರ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸುವ ಕೆಲಸ ನನ್ನ ಪಾಲಿಗೆ ಬಂತು. ಸಾರ್ಟ್ ಆಜ್ಞೆ ಕೊಟ್ಟೆ, ಮುದ್ರಿಸಿದೆ, ನಿವೃತ್ತ ಮೇಷ್ಟರೊಬ್ಬರ ಕೈಗಿತ್ತೆ. ಕನ್ನಡಕ ಏರಿಸಿ, "ಏನ್ರೀ ಇದು, ಮಳಗಿಯವರು ಮಹಾದೇವಪ್ಪನವರಿಗಿಂತ ಮುಂದೆ ಕೂತಿದ್ದಾರೆ! ನಿಮ್ಮ ಕಂಪ್ಯೂಟರು ಒಂದನೇ ಕ್ಲಾಸು ಓದಿಲ್ವೇ?" ಎಂದರು. ಮಾತು ನಿಜ. ವರ್ಣಮಾಲೆಯಲ್ಲಿ ಹಕಾರದ ಆಚೆ, ಕಟ್ಟಕಡೆಗೆ ಕೂರಬೇಕಾದ ಳ, ಕಂಪ್ಯೂಟರಿನ ಅಕ್ಷರಗಳಿಗೆ ಸಂಖ್ಯೆ ಹಚ್ಚುವ ಯೂನಿಕೋಡಿನಲ್ಲಿ ಲಕಾರದ ಮಗ್ಗುಲಲ್ಲೇ ಕೂತಿದೆ; ಸಾರ್ಟ್ ಹಿಡಿದದ್ದು ಆ ಸಂಖ್ಯೆಯ ಕ್ರಮವನ್ನೇ. ಯೂನಿಕೋಡಿನವರು ಆಧಾರವಾಗಿ ಇಟ್ಟುಕೊಂಡದ್ದು ನಮ್ಮದೇ ಸರ್ಕಾರಿ ಅಕ್ಷರಸಂಕೇತ ಪದ್ಧತಿ ಇಸ್ಕಿಯ 1988ರ ಆವೃತ್ತಿಯನ್ನು. ಅದರಲ್ಲಿ ಭಾರತದ ಬಹುತೇಕ ಲಿಪಿಗಳಿಗೆ ಒಂದೇ ಅಚ್ಚು. ಆ ಅಚ್ಚಿನಲ್ಲಿ ಲದ ಪಕ್ಕ ಳ.

ಅಂದು ಸಂಜೆ ರಸ್ತೆಯಾಚೆಯ ಜೆಎನ್‌ಯುನಲ್ಲಿ, ಗಂಗಾ ಢಾಬಾದಲ್ಲಿ ಚಹಾ ಹೀರುತ್ತಾ ಇದನ್ನೇ ಗೊಣಗುತ್ತಿದ್ದೆ. ಪಕ್ಕದಲ್ಲಿದ್ದ ಮರಾಠಿ ಸಂಶೋಧಕ ನಕ್ಕ. ಅವರ ಳ ಕೂಡ ಹಕಾರದ ಆಚೆಯದೇ, ಅವನಿಗೂ ಇದೇ ತಲೆನೋವಂತೆ. ಅವನ ಮದ್ದು ಹೀಗಿತ್ತು: ಮೊದಲು ಸೆಡ್‌ಗೆ ಹೇಳಿ ಪಟ್ಟಿಯ ಳಗಳನ್ನೆಲ್ಲ ಅವಗ್ರಹ ಮಾಡಿಸು, ಆಮೇಲೆ ಪೈಪ್ ಹಾಕಿ, ಯೂನಿಕೋಡಿನ ಕ್ರಮದಲ್ಲೇ ಸಾರ್ಟ್ ಮಾಡಿಸು, ಇನ್ನೊಂದು ಪೈಪ್ ಹಾಕಿ ಅವಗ್ರಹಗಳನ್ನು ಮತ್ತೆ ಳ ಮಾಡಿಸು. ಸಂಸ್ಕೃತ ಶ್ಲೋಕದಲ್ಲಿ ಬಿಟ್ಟರೆ ಹೆಚ್ಚಾಗಿ ಕಾಣದ ಆ ಸೊಟ್ಟ ಗೆರೆ, 'ಽ', ಯೂನಿಕೋಡಿನಲ್ಲಿ ಕೂತಿರುವುದು ಸರಿಯಾಗಿ ಹಕಾರದ ನಂತರ, ದೀರ್ಘದ ಚಿಹ್ನೆಗೆ ಮೊದಲು. ಮಹಾದೇವಪ್ಪ, ಮಳಗಿ, ಮಾಲತಿ: ಮೂವರೂ ತಮ್ಮ ತಮ್ಮ ಜಾಗಕ್ಕೆ ಬಂದರು. ಅವನ ದೇವನಾಗರಿ ಅಕ್ಷರ ತೆಗೆದು ಕನ್ನಡದ್ದು ಹಾಕಿದ್ದಷ್ಟೇ ನನ್ನ ಶ್ರಮ. ಅಚ್ಚು ಒಂದೇ ಆದ್ದರಿಂದ ರೋಗವೂ ಒಂದೇ, ಔಷಧಿಯೂ ಒಂದೇ. ದೆಹಲಿಯ ಏಕರೂಪದ ಬಗ್ಗೆ ನಾನು ಸಾಮಾನ್ಯವಾಗಿ ಒಳ್ಳೆಯ ಮಾತಾಡುವವನಲ್ಲ, ಇದೊಂದಕ್ಕೆ ಆಡುತ್ತೇನೆ.

ಮೇಷ್ಟರು ಪಟ್ಟಿಗೆ ಸಹಿ ಹಾಕಿದರು. ಹಾಕಿದವರೇ, ಹಳಗನ್ನಡದ ಱ, ೞ ಬರುವ ಪದಪಟ್ಟಿಯೊಂದು ತಮ್ಮ ಬಳಿ ಇದೆ, ಅದನ್ನೂ ಜೋಡಿಸಿಕೊಡಿ ಎಂದರು. ಅಲ್ಲಿ ಒಂದು ಅವಗ್ರಹ ಸಾಲದು. ನಿಮಗೆ ಯಾರಿಗಾದರೂ ದಾರಿ ಹೊಳೆದರೆ ಮುನಿರ್ಕಾ ಕಡೆ ಬಂದಾಗ ಹೇಳಿ. ಚಹಾದ ದುಡ್ಡು ನನ್ನದು.