ತೋಪಿಲ್ಲದ ತೋಪಿನಲ್ಲಿ

ಕಬ್ಬಿನ ಗರಿ ಕೆನ್ನೆಗೆ ಬಡಿಯುತ್ತದೆ. ಕೈ ಅಡ್ಡ ಹಿಡಿದರೆ ಮಣಿಕಟ್ಟಿನ ಮೇಲೆ ಗೀರು ಬೀಳುತ್ತದೆ, ಬೆವರು ತಾಗಿ ಚುರುಗುಟ್ಟುತ್ತದೆ. ಏಪ್ರಿಲ್ ಮೊದಲ ವಾರ. ಹೊತ್ತು ಮುಳುಗಿ ಎಷ್ಟೋ ಹೊತ್ತಾದರೂ ನೆಲ ಇನ್ನೂ ಕಾವು ಉಗುಳುತ್ತಿದೆ. ಪಾಲಹಳ್ಳಿ ಕಡೆಯಿಂದ ಆಲೆಮನೆಯ ವಾಸನೆ ತೇಲಿ ಬರುತ್ತಿದೆ, ಹೊಗೆಯೂ ಸಿಹಿಯೂ ಬೆರೆತು ಗಂಟಲಿಗೆ ಅಂಟುವಂಥದ್ದು. ನಿಮ್ಮ ಎಡಗೈಯಲ್ಲಿ ಮಡಿಸಿದ ನಕಾಶೆ, ಬಲಗೈಯಲ್ಲಿ ಮೆಟಲ್ ಡಿಟೆಕ್ಟರ್. ಮುಂದೆ ಹೊಲದ ಯಜಮಾನರು ನಡೆಯುತ್ತಿದ್ದಾರೆ, ಬರಿಗಾಲಲ್ಲಿ, ಟಾರ್ಚ್ ಹಚ್ಚದೆ.

"ನೋಡ್ಕಂಡು ಹೆಜ್ಜೆ ಇಕ್ಕಿ. ನಾಲೆ ಪಕ್ಕದಲ್ಲೇ ಅದೆ."

ನೀರಿನ ಸದ್ದು ನಿಮಗೂ ಕೇಳುತ್ತಿದೆ, ಆದರೆ ಯಾವ ಕಡೆಯಿಂದ ಎಂದು ತಿಳಿಯುತ್ತಿಲ್ಲ. ಕಬ್ಬು ನಿಮಗಿಂತ ಎತ್ತರ ಬೆಳೆದಿದೆ. ಈ ಸೀಮೆಯ ಕಬ್ಬಿನ ಗದ್ದೆಗಳಲ್ಲಿ ಚಿರತೆ ಮರಿ ಹಾಕುತ್ತದೆ ಎಂಬ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ್ದು ಈಗಲೇ ನೆನಪಾಗಬೇಕೆ?

ಕಟಾವಾದ ತಾಕಿಗೆ ಬಂದಿರಿ. ಆಕಾಶ ತೆರೆಯುತ್ತದೆ, ಉಸಿರು ಇಳಿಯುತ್ತದೆ. ನಕಾಶೆ ಬಿಡಿಸಿ. ಇದು ಭಾರತೀಯ ಸರ್ವೇಕ್ಷಣಾ ಇಲಾಖೆಯ ಹಾಳೆ, ಸಂಖ್ಯೆ 57ಡಿ/11. ಮೈಸೂರು, ಶ್ರೀರಂಗಪಟ್ಟಣ, ಕನ್ನಂಬಾಡಿ ಕಟ್ಟೆ ಮೂರೂ ಇದೊಂದರಲ್ಲೇ ಸಿಗುತ್ತವೆ. ಒಂದು ಸೆಂಟಿಮೀಟರಿಗೆ ಐನೂರು ಮೀಟರ್. ಅಂದರೆ ನೀವು ಎಳೆದ ಪೆನ್ಸಿಲ್ ಗೆರೆಯ ದಪ್ಪವೇ ನೆಲದ ಮೇಲೆ ಇಪ್ಪತ್ತೈದು ಮೀಟರ್ ಆಗಿಬಿಡುತ್ತದೆ. ಅದರ ಮಡಿಕೆಯೊಳಗೆ ಇನ್ನೊಂದು ಪಟವಿದೆ, 1799ರಲ್ಲಿ ಟಿಪ್ಪುವಿನ ಶ್ರೀರಂಗಪಟ್ಟಣದ ಕೋಟೆಗೆ ಇಂಗ್ಲಿಷರು ಹಾಕಿದ ಮುತ್ತಿಗೆಯದು. ಕೋಟೆಯ ನೈರುತ್ಯಕ್ಕೆ, ಕಾವೇರಿಯ ಈಚೆ ದಡದಲ್ಲಿ ಇಂಗ್ಲಿಷ್ ಪಾಳೆಯ. ಪಾಳೆಯದ ಮುಂದೆ ದಟ್ಟವಾದ ಒಂದು ತೋಪು. ತೋಪನ್ನು ಸೀಳಿಕೊಂಡು ಹೋದ ನಾಲೆ. ಆ ಸೇನೆಯವರು ಅದನ್ನು ಸುಲ್ತಾನ್‌ಪೇಟೆ ತೋಪು ಎಂದು ಕರೆದರು.

ಆ ತೋಪು ಈಗ ಎಲ್ಲಿ? ಮರ ಕಡಿದು ಯಾವ ಕಾಲವಾಯಿತೋ. ದಾರಿಗಳು ಮಗ್ಗುಲು ಬದಲಿಸಿವೆ, ಊರುಗಳು ಹಬ್ಬಿವೆ. ಹಳೆಯ ಪಟವನ್ನು ಹೊಸ ಹಾಳೆಯ ಮೇಲೆ ಕೂರಿಸುವಾಗ ಇವು ಯಾವುದನ್ನೂ ನಂಬುವಂತಿಲ್ಲ. ಕದಲದ್ದನ್ನು ಹುಡುಕಬೇಕು. ಹೊಳೆ ಇಬ್ಭಾಗವಾಗುವ ದ್ವೀಪದ ಮೂತಿ, ಕೋಟೆಯ ವಾಯವ್ಯದ ಮೂಲೆ, ಆಚೆ ಕರಿಘಟ್ಟ. ಇವುಗಳ ಜೊತೆಗೆ ನಾಲೆ. ನಾಲೆಯನ್ನು ಮನಸ್ಸಿಗೆ ಬಂದ ಕಡೆ ತಿರುಗಿಸಲು ಆಗುವುದಿಲ್ಲ. ನೆಲದ ಎತ್ತರ ಬಿಟ್ಟ ದಾರಿಯಲ್ಲೇ ಅದು ಬಳಸಿ ಸಾಗಬೇಕು. ಸಿಮೆಂಟ್ ಬಳಿದರೂ, ಅಗಲ ಮಾಡಿದರೂ, ಅದರ ದೊಡ್ಡ ತಿರುವುಗಳು ನಕಾಶೆಯ ಕಂದು ಸಮೋನ್ನತಿ ರೇಖೆಗಳನ್ನು ಬಿಟ್ಟು ಹೋಗಲಾರವು. ಹಾಗೆ ಹೊಂದಿಸಿಯೇ ನೀವು ಈ ತಾಕಿಗೆ ಬಂದಿದ್ದೀರಿ. ನೂರಿನ್ನೂರು ಮೀಟರ್ ಆಚೀಚೆ ಇದ್ದೇ ಇರುತ್ತದೆ. ಅದಕ್ಕಿಂತ ನಿಖರವಾಗಿ ಹೇಳುವವರನ್ನು ನಂಬಬೇಡಿ.

ಡಿಟೆಕ್ಟರ್ ಹಚ್ಚುವ ಮುಂಚೆ ಒಂದು ಗಳಿಗೆ ಸುಮ್ಮನೆ ನಿಲ್ಲಿ.

1799, ಏಪ್ರಿಲ್ 4ರ ರಾತ್ರಿ. ನೀವೀಗ ಇಂಗ್ಲಿಷ್ ಪಡೆಯ ಒಬ್ಬ ಸಿಪಾಯಿ. ಬೆವರಿನಲ್ಲಿ ನೆನೆದ ಉಣ್ಣೆಯ ಕೆಂಪಂಗಿ ಮೈಗೆ ಅಂಟಿದೆ. ಭುಜದ ಮೇಲೆ ಬಂದೂಕಿನ ಭಾರ. ಜನರಲ್ ಬೇರ್ಡ್ ತೋಪನ್ನು ಜಾಲಾಡಿಸುತ್ತಿದ್ದಾನೆ. ಮರದಿಂದ ಮರಕ್ಕೆ, ಹಳ್ಳದಿಂದ ದಿಣ್ಣೆಗೆ, ಮತ್ತೆ ಹಿಂದಕ್ಕೆ. ಒಳಗೆ ಒಬ್ಬನೂ ಇಲ್ಲ. ಪಾಳೆಯಕ್ಕೆ ವಾಪಸ್ ಎಂಬ ಅಪ್ಪಣೆಯಾಗುತ್ತದೆ, ಪಡೆ ತಿರುಗುತ್ತದೆ. ನಿಮ್ಮ ಪಕ್ಕದಲ್ಲಿ ಒಬ್ಬ ಅಧಿಕಾರಿ ಮಾತ್ರ ತಲೆಯೆತ್ತಿ ಆಕಾಶ ನೋಡುತ್ತಿದ್ದಾನೆ. ವಿಲಿಯಂ ಲ್ಯಾಂಬ್ಟನ್ ಅಂತ, ಲೆಕ್ಕದ ಮನುಷ್ಯ. ಸಪ್ತರ್ಷಿ ಮಂಡಲ ಬೆನ್ನ ಹಿಂದೆ ಇರಬೇಕಿತ್ತು, ಅದು ಕಣ್ಣೆದುರಿಗಿದೆ. ಪಾಳೆಯ ಇರುವುದು ದಕ್ಷಿಣಕ್ಕೆ, ಪಡೆ ಹೊರಟಿರುವುದು ಉತ್ತರಕ್ಕೆ, ನೇರ ಟಿಪ್ಪುವಿನ ಸೈನ್ಯದ ಬಾಯಿಗೆ. ಅವನು ಹೇಳುತ್ತಾನೆ. ನಕ್ಷತ್ರ ಕೇಳಿ ದಾರಿ ನಡೆಯುವ ಗರಜು ನನಗಿಲ್ಲ ಎನ್ನುತ್ತಾನೆ ಜನರಲ್. ಹೆಜ್ಜೆಗಳು ಮುಂದುವರಿಯುತ್ತವೆ. ನಿಮಗೆ ಬಾಯಿ ಒಣಗುತ್ತಿದೆ. ಯಾರ ಮಾತು ಸರಿಯೆಂದು ಒಳಗೊಳಗೇ ಗೊತ್ತಿದ್ದೂ ಕಾಲು ಸಾಲಿನ ಜೊತೆಗೇ ಹೋಗಬೇಕು. ಎದುರಿಗೆ ತಟ್ಟನೆ ಶತ್ರುವಿನ ಕಾವಲುಪಡೆ. ನಾಲ್ಕಾರು ಗುಂಡು, ಓಟ, ಮತ್ತೆ ಕತ್ತಲೆ. ಆಮೇಲೆ ಯಾರೋ ಕಿಡಿ ಹೊತ್ತಿಸುತ್ತಾರೆ. ಆ ಬೆಳಕಿನಲ್ಲಿ ಜೇಬಿನ ದಿಕ್ಸೂಚಿಯ ಮುಳ್ಳು ಅಲುಗಿ ನಿಲ್ಲುತ್ತದೆ. ನಕ್ಷತ್ರ ಹೇಳಿದ್ದೇ ಸರಿ.

ಮರುರಾತ್ರಿ ಇದೇ ತೋಪಿಗೆ ನುಗ್ಗಿದವನು ಕರ್ನಲ್ ಆರ್ಥರ್ ವೆಲ್ಲೆಸ್ಲಿ. ಇನ್ನೂ ಮೂವತ್ತು ತುಂಬಿಲ್ಲ. ಹಗಲಲ್ಲಿ ಜಾಗ ನೋಡಿಲ್ಲ, ಕೈಯಲ್ಲಿ ನೆಚ್ಚುವಂಥ ನಕಾಶೆಯಿಲ್ಲ. ಒಳಗೆ ಕಾಲಿಟ್ಟ ಕೂಡಲೇ ಕತ್ತಲು ಮುಚ್ಚಿಕೊಳ್ಳುತ್ತದೆ. ನಾಲೆಯ ಏರಿ ಕಾಲಿಗೆ ತೊಡರುತ್ತದೆ. ಬಿದಿರು, ಕೆಸರು, ಕೂಗು. ಎಡದಿಂದ ಗುಂಡು. ಬಲದಿಂದಲೂ. ಬುಸ್ಸೆಂದು ರಾಕೆಟ್ ಹಾಯುತ್ತದೆ, ಒಂದು ಚಣ ಮರಗಳೆಲ್ಲ ಬೆಳ್ಳಗೆ ಕಾಣುತ್ತವೆ, ಮರುಚಣ ಮೊದಲಿಗಿಂತ ಕಪ್ಪು. ಪಕ್ಕದವನ ಹೆಸರು ಕೂಗುತ್ತೀರಿ, ಉತ್ತರವಿಲ್ಲ. ಕಸುವು ಕಳೆದ ಗುಂಡೊಂದು ವೆಲ್ಲೆಸ್ಲಿಯ ಮೊಣಕಾಲಿಗೆ ಬಡಿಯುತ್ತದೆ. ಪಡೆ ಚದುರುತ್ತದೆ. ಹನ್ನೆರಡು ಮಂದಿ ಸೆರೆ ಸಿಗುತ್ತಾರೆ; ಅವರಲ್ಲಿ ಒಬ್ಬನೂ ಜೀವಸಹಿತ ಮರಳಲಿಲ್ಲ. ಬೆಳಗಾದ ಮೇಲೆ, ಹಗಲ ಬೆಳಕಿನಲ್ಲಿ, ಅದೇ ತೋಪು ಸುಲಭವಾಗಿ ಕೈವಶವಾಗುತ್ತದೆ. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು ಇವನೇ. ಹಗಲಲ್ಲಿ ಕಣ್ಣಾರೆ ನೋಡದ ಜಾಗದ ಮೇಲೆ ರಾತ್ರಿ ದಾಳಿ ಮಾಡುವುದಿಲ್ಲ ಎಂದು ಅವನು ನಿಶ್ಚಯಿಸಿದ್ದು ಇಲ್ಲಿಯೇ, ಬಹುಶಃ ನೀವು ನಿಂತಿರುವ ಈ ಕೂಳೆಯ ನಡುವೆ.

ಈಗ ಡಿಟೆಕ್ಟರಿನ ಗುಂಡಿ ಒತ್ತಿ.

ತಟ್ಟೆಯನ್ನು ನೆಲಕ್ಕೆ ಸಮನಾಗಿ, ನಿಧಾನ ಬೀಸಿ. ಗೊರ್ ಎಂಬ ಕೀಳು ಸ್ವರ: ಕಬ್ಬಿಣ, ಮುರಿದ ಕುಡುಗೋಲೋ ಲಾಳವೋ. ಕಿರಿಚಲು ಸದ್ದು: ಗುಟ್ಕಾ ಚೀಟಿಯ ತಗಡಿನ ಹಾಳೆ. ಇದೊಂದು ಕಾಟ. ಇನ್ನೂರು ವರ್ಷದ ಚರಿತ್ರೆಯ ಮೇಲೆ ನಾವು ಇಪ್ಪತ್ತು ವರ್ಷದ ಗುಟ್ಕಾ ಹಾಸಿದ್ದೇವೆ. ಬಾಟಲಿ ಬಿರಡೆ. ಮತ್ತೆ ಗುಟ್ಕಾ. ಸೊಂಟ ನೋಯುತ್ತಿದೆ, ಸೊಳ್ಳೆ ಕಿವಿಯ ಹತ್ತಿರ ಹಾಡುತ್ತಿದೆ.

ಆಗ ಒಂದು ದುಂಡನೆಯ ಸ್ವರ. ತಟ್ಟೆ ಎಡಕ್ಕೆ ಹೋದರೂ ಬಲಕ್ಕೆ ಬಂದರೂ ಅದೇ ಜಾಗದಲ್ಲಿ, ಅದೇ ಶ್ರುತಿಯಲ್ಲಿ. ಎದೆ ಒಮ್ಮೆ ಧಸಕ್ಕೆನ್ನುತ್ತದೆ. ನೀವು ಮೊಣಕಾಲೂರುತ್ತೀರಿ. ಉತ್ತು ಮೇಲೆದ್ದ ಹೆಂಟೆಯನ್ನು ಯಜಮಾನರು ಕಾಲಿನಿಂದ ಒಡೆಯುತ್ತಾರೆ. ಗೋಲಿಗಿಂತ ಕೊಂಚ ದೊಡ್ಡದು, ಮೇಲೆ ಸುಣ್ಣ ಬಳಿದಂಥ ಬಿಳಿ ಪೊರೆ. ಅಂಗೈಗೆ ಬಂದಾಗ ಗಾತ್ರಕ್ಕೆ ಮೀರಿದ ಭಾರ. ಸೀಸ. ಆ ಕಾಲದ ಇಂಗ್ಲಿಷ್ ಬಂದೂಕಿನ ಗುಂಡು ಒಂದು ಪೌಂಡ್ ಸೀಸಕ್ಕೆ ಹದಿನಾಲ್ಕರ ಸುಮಾರು ಬರುತ್ತಿತ್ತು, ಎಂದರೆ ಮೂವತ್ತು ಗ್ರಾಮಿಗೆ ತುಸು ಹೆಚ್ಚು. ಒಂದು ಮಗ್ಗುಲು ಚಪ್ಪಟೆಯಾಗಿದೆ. ಯಾವುದಕ್ಕೋ ಬಡಿದಿದೆ. ಮರಕ್ಕೆ ಎಂದುಕೊಳ್ಳುತ್ತೀರಿ, ಹಾಗೆಂದುಕೊಂಡರೇ ಮನಸ್ಸಿಗೆ ಹಿತ.

"ಯಾರ್ಲಾ ಅದು!"

ಬೈಕಿನ ದೀಪ ನೇರ ಕಣ್ಣಿಗೆ. ಒಂದಲ್ಲ, ಎರಡು ಬೈಕು. ಕಬ್ಬಿನ ಸಂದಿಯಿಂದ ಕಾಲ ಸಪ್ಪಳ. ಕೋಲು ನೆಲಕ್ಕೆ ತಟ್ಟುತ್ತಿದೆ. "ನಿಧಿ ತೆಗಿಯಾಕ್ ಬಂದವ್ರಾ?" ನಿಮ್ಮ ಕೈಯಲ್ಲಿ ಯಂತ್ರವಿದೆ, ಮಂಡಿಗೆ ಮಣ್ಣು ಮೆತ್ತಿದೆ, ರಾತ್ರಿಯಾಗಿದೆ. ನಂದಿಯ ಹೊಟ್ಟೆ ಬಗೆದವರನ್ನು, ವೀರಗಲ್ಲು ಕಿತ್ತು ಬುಡ ತೋಡಿದವರನ್ನು ಕಂಡ ಸೀಮೆ ಇದು. ಇಲ್ಲಿ ಈ ವೇಷಕ್ಕೆ ಇರುವುದು ಒಂದೇ ಅರ್ಥ. ಓಡಬೇಕೆನ್ನಿಸುತ್ತದೆ. ಓಡಿದರೆ ಮುಗಿಯಿತು. ಗುಂಡನ್ನು ಎಸೆಯಲೇ? ಜೇಬಿಗೆ ಹಾಕಲೇ? ಎರಡರಲ್ಲಿ ಯಾವುದು ಮಾಡಿದರೂ ನೀವು ಕಳ್ಳರೇ. ಅಂಗೈ ಬಿಚ್ಚಿ ಬೆಳಕಿಗೆ ಹಿಡಿಯುತ್ತೀರಿ. ಬೆರಳು ನಡುಗುತ್ತಿದೆ.

"ನಮ್ಮೋರೇ ಕಣ್ರೋ, ಹೊಲ ನಂದೇ" ಎಂದು ಯಜಮಾನರು ಮುಂದಾಗುತ್ತಾರೆ.

ಅದಕ್ಕೂ ಸಂಶಯ ಪೂರ್ತಿ ಹೋಗುವುದಿಲ್ಲ. ನಕಾಶೆಯನ್ನು ಬೈಕಿನ ಸೀಟಿನ ಮೇಲೆ ಹರಡಿದಾಗ ಒಬ್ಬ ಹುಡುಗ ಬಗ್ಗುತ್ತಾನೆ, ಬೆರಳಿಟ್ಟು ಹುಡುಕುತ್ತಾನೆ, ತನ್ನೂರಿನ ಹೆಸರು ಓದುತ್ತಾನೆ. "ಇದ್ಯಾವ್ದಣ್ಣ ಇಲ್ಲಿ ನೀಲಿ? ಕಟ್ಟೆ ಇತ್ತಾ?" ಕೋಲು ಹಿಡಿದವನೂ ಬಗ್ಗುತ್ತಾನೆ. ಇಂಥ ಗುಂಡುಗಳು ಉಳುವಾಗ ಎದ್ದು ಬಂದರೆ ಮೀನಿನ ಬಲೆಗೆ ಭಾರ ಕಟ್ಟುತ್ತಿದ್ದರು, ಉಳಿದದ್ದು ಗುಜರಿಗೆ ಹೋಗುತ್ತಿತ್ತು ಎನ್ನುತ್ತಾನೆ. ಯಾವ ಹೊಲದಲ್ಲಿ ಎಂದು ಕೇಳಿದರೆ ಯಾರಿಗೂ ನೆನಪಿಲ್ಲ. ನನ್ನ ಮಟ್ಟಿಗೆ ನಿಧಿಗಳ್ಳರು ಮಾಡುವ ನಷ್ಟಕ್ಕಿಂತ ಈ ಮರೆವಿನ ನಷ್ಟ ಕಡಿಮೆಯದೇನಲ್ಲ. ಎಲ್ಲಿ ಬಿದ್ದಿತ್ತೆಂದು ಗೊತ್ತಿದ್ದರೆ ಆ ಗುಂಡುಗಳೇ ತೋಪಿನ ಅಂಚನ್ನು ಗೆರೆ ಎಳೆದು ತೋರಿಸುತ್ತಿದ್ದವು.

ಅಂದು ನಕ್ಷತ್ರ ನೋಡಿ ದಾರಿ ಹೇಳಿದ ಲ್ಯಾಂಬ್ಟನ್ ಮರುವರ್ಷ, 1800ರಲ್ಲಿ, ಬೆಂಗಳೂರಿನ ಬಯಲಿನಲ್ಲಿ ಉಕ್ಕಿನ ಸರಪಳಿ ಹಾಸಿ ಸರ್ವೆಯ ಅಡಿಗೆರೆ ಅಳೆದ. 1802ರಲ್ಲಿ ಮದ್ರಾಸಿನಲ್ಲಿ ಆರಂಭಿಸಿದ ಅವನ ತ್ರಿಕೋನ ಸರ್ವೆ ಮುಂದೆ ಇಡೀ ದೇಶವನ್ನು ಹಬ್ಬಿತು. ನಿಮ್ಮ ಕೈಯಲ್ಲಿರುವ 57ಡಿ/11 ಆ ವಂಶದ್ದೇ.

ಇನ್ನು ಗುಂಡಿನ ಮಾತು. ಫೋನಿನಲ್ಲಿ ಸರ್ಕಾರದ ದಿಶಾಂಕ್ ಆ್ಯಪ್ ತೆರೆಯಿರಿ, ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಅದನ್ನು, ಅಕ್ಷಾಂಶ ರೇಖಾಂಶಗಳನ್ನು, ಎಷ್ಟು ಆಳದಲ್ಲಿತ್ತು ಎಂಬುದನ್ನು ನಕಾಶೆಯ ಅಂಚಿನಲ್ಲೇ ಬರೆದುಕೊಳ್ಳಿ. ನೂರು ವರ್ಷ ದಾಟಿದ ವಸ್ತು 1972ರ ಕಾನೂನಿನ ಪ್ರಕಾರ ಪುರಾತನ ವಸ್ತು. ನೆಲದಲ್ಲಿ ಸಿಕ್ಕ ನಿಧಿಗೆ ಕರ್ನಾಟಕದಲ್ಲಿ 1962ರ ಪ್ರತ್ಯೇಕ ಕಾಯ್ದೆಯೇ ಇದೆ. ಸಂರಕ್ಷಿತ ಸ್ಮಾರಕದ ಆವರಣಕ್ಕೆ ಡಿಟೆಕ್ಟರ್ ಒಯ್ಯಲೇಬೇಡಿ. ಹೊಲವಾದರೆ ಯಜಮಾನರನ್ನು ಕೇಳದೆ ಕಾಲಿಡಬೇಡಿ, ಎಲ್ಲೇ ಆದರೂ ತೋಡಬೇಡಿ. ನಿಮ್ಮ ಹೊಲದಲ್ಲಿ ಉಳುವಾಗ ಇಂಥದ್ದು ಎದ್ದು ಬಂದರೆ ಗುಜರಿಗೆ ಹಾಕುವ ಮುಂಚೆ ಸರ್ವೆ ನಂಬರ್ ಸಮೇತ ಜಿಲ್ಲಾಧಿಕಾರಿ ಕಚೇರಿಗೋ ಪುರಾತತ್ವ ಇಲಾಖೆಗೋ ಒಂದು ಅರ್ಜಿ ಬರೆಯಿರಿ.