ಕಲಿಸಲು ಹೋದವರು ಕಲಿತದ್ದು

ಕಳೆದ ಚಳಿಗಾಲದಲ್ಲಿ ದೋಹಾದ ಕತಾರಾ ಸಾಂಸ್ಕೃತಿಕ ಗ್ರಾಮದಲ್ಲಿ ನಡೆದ ಸಾಂಪ್ರದಾಯಿಕ ಹಾಯಿದೋಣಿಗಳ ಉತ್ಸವಕ್ಕೆ ಮಗಳೊಡನೆ ಹೋಗಿದ್ದೆ. ಕಡಲ ದಡದಲ್ಲಿ ವೃದ್ಧರೊಬ್ಬರು ಬಲೆ ಹೆಣೆಯುತ್ತ, ಸುತ್ತ ನೆರೆದಿದ್ದ ಮಕ್ಕಳಿಗೆ ಗಂಟು ಹಾಕುವ ಬಗೆಯನ್ನು ತೋರಿಸುತ್ತಿದ್ದರು. ಮಕ್ಕಳು ತಪ್ಪಿದಾಗಲೆಲ್ಲ ನಗುತ್ತ ಬಿಚ್ಚಿ, ಮತ್ತೆ ಹೇಳಿಕೊಡುತ್ತಿದ್ದರು. ಅದನ್ನು ಕಂಡು ನನ್ನ ಮನಸ್ಸು ಬಿಳಿಗಿರಿರಂಗನ ಬೆಟ್ಟಕ್ಕೆ ಹೊರಳಿತು.

ಮೈಸೂರಿನಲ್ಲಿ ಪದವಿ ವ್ಯಾಸಂಗ ಮಾಡುತ್ತಿದ್ದಾಗ, ರಾಷ್ಟ್ರೀಯ ಸೇವಾ ಯೋಜನೆಯ ಏಳು ದಿನಗಳ ಶಿಬಿರಕ್ಕೆಂದು ನಾವು ಅಲ್ಲಿನ ಸೋಲಿಗರ ಪೋಡೊಂದಕ್ಕೆ ಹೋಗಿದ್ದೆವು. ಬೆಳಗ್ಗೆ ಶ್ರಮದಾನ, ಸಂಜೆ ಮಕ್ಕಳಿಗೆ ಪಾಠ. ನನ್ನ ಗುಂಪಿನ ಹುಡುಗನೊಬ್ಬ ಮೂರು ದಿನ ತುಟಿ ಬಿಚ್ಚಲಿಲ್ಲ. ‘ಕಲಿಕೆಯಲ್ಲಿ ಹಿಂದೆ’ ಎಂದು ಶಿಬಿರದ ದಿನಚರಿಯಲ್ಲಿ ಬರೆದಿಟ್ಟೆ. ನಮ್ಮ ಪುಸ್ತಕದ ಕನ್ನಡವೇ ಬೇರೆ, ಅವನ ಮನೆಯ ಸೋಲಿಗನುಡಿಯೇ ಬೇರೆ ಎಂಬುದು ನನಗೆ ಹೊಳೆದಿರಲಿಲ್ಲ.

ನಾಲ್ಕನೆಯ ದಿನ ಅವನ ತಾತ ನಮ್ಮನ್ನು ಕಾಡಿನಂಚಿಗೆ ಕರೆದೊಯ್ದರು. ತಾತ ಮರದ ಮುಂದೆ ನಿಲ್ಲುವರು. ಹುಡುಗ ಹೆಸರು ಹೇಳುವನು. ಯಾವುದರ ತೊಗಟೆ ಮದ್ದು, ಯಾವುದರಲ್ಲಿ ಜೇನು ಕಟ್ಟುತ್ತದೆ, ಎಲ್ಲವೂ ಅವನಿಗೆ ಬಾಯಿಪಾಠ. ನಮ್ಮೊಡನಿದ್ದ ಸಸ್ಯಶಾಸ್ತ್ರದ ವಿದ್ಯಾರ್ಥಿಗಳು ಬರೆದುಕೊಳ್ಳತೊಡಗಿದರು. ಲಂಟಾನದ ಪೊದೆಗಳನ್ನು ತೋರಿಸಿ ತಾತ ಹೇಳಿದರು: “ಮೊದಲು ತರಗು ಬೆಂಕಿ ಹಾಕ್ತಿದ್ದೋ. ಅದ ನಿಲ್ಲಿಸಿದ ಮೇಲೆ ಇದು ಕಾಡ ನುಂಗ್ತು.” 1974ರಲ್ಲಿ ಆ ಕಾಡು ವನ್ಯಜೀವಿಧಾಮವಾದ ಮೇಲೆ, ಒಣಗಿದ ತರಗೆಲೆಗೆ ಹಿತಮಿತವಾಗಿ ಬೆಂಕಿಯಿಡುವ ಅವರ ಪದ್ಧತಿ ನಿಂತುಹೋಗಿತ್ತು. ವರ್ಷಗಳ ಬಳಿಕ ಸಂಶೋಧಕರೂ ಸೋಲಿಗರ ಈ ಮಾತನ್ನು ದಾಖಲಿಸಿದರು. ಅಂದು ರಾತ್ರಿ ದಿನಚರಿಯಲ್ಲಿ ಬರೆದಿದ್ದನ್ನು ಹೊಡೆದುಹಾಕಿದೆ.

ಆ ಬೆಟ್ಟದಲ್ಲಿ 1981ರಲ್ಲಿ ಡಾ. ಎಚ್. ಸುದರ್ಶನ್ ಅವರು ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಆರಂಭಿಸಿದರು; ಅದರ ಶಾಲೆಯಲ್ಲಿ ಸೋಲಿಗ ಮಕ್ಕಳು ಓದಿದರು. ಸೋಲಿಗರೇ ಆದ ಡಾ. ಸಿ. ಮಾದೇಗೌಡರು ಡಾಕ್ಟರೇಟ್ ಪಡೆದರು; ತಮ್ಮ ಹಿರಿಯರ ಪವಿತ್ರ ತಾಣಗಳನ್ನು ನಕ್ಷೆಗಿಳಿಸುವ ಕಾರ್ಯದಲ್ಲೂ ತೊಡಗಿದರು. 2011ರಲ್ಲಿ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕುಗಳು ದೊರೆತವು. ಓದು ಅವರನ್ನು ಕಾಡಿನಿಂದ ದೂರಮಾಡಲಿಲ್ಲ. ಕಾಡಿನ ಪರವಾಗಿ ಮಾತನಾಡುವ ಬಲವನ್ನು ಕೊಟ್ಟಿತು.

ನನ್ನ ಮಗಳೂ ಊರಿನ ಅಜ್ಜಿ ಕರೆ ಮಾಡಿದಾಗ ಮೌನಿ. ‘ಅವಳಿಗೆ ಕನ್ನಡ ಬಾರದು’ ಎಂದು ನಾನೇ ಅಜ್ಜಿಗೆ ಹೇಳಿಬಿಡುತ್ತಿದ್ದೆ. ಮತ್ತೊಮ್ಮೆ ಅದೇ ದಿನಚರಿ, ಅದೇ ತಪ್ಪು! ಉತ್ಸವದಿಂದ ಮರಳಿದ ಸಂಜೆ ಒಂದಿಷ್ಟು ಮಲ್ಲಿಗೆ, ದಾರವನ್ನು ಅವಳ ಮುಂದಿಟ್ಟು, ಹೂಕಟ್ಟುವುದನ್ನು ಕಲಿಸಲು ಅಜ್ಜಿಯನ್ನೇ ಕೇಳಿಕೊಂಡೆ. ಹತ್ತು ನಿಮಿಷದಲ್ಲಿ ಮಗಳು ಕೇಳಿದಳು: “ಅಜ್ಜಿ, ದಾರ ಎಲ್ಲಿ ಸುತ್ತಬೇಕು?”

ಚಳಿಗಾಲದಲ್ಲಿ ನಮ್ಮಲ್ಲಿ ಅನೇಕರ ತಂದೆತಾಯಿಯರು ಇಲ್ಲಿಗೆ ಬರುತ್ತಾರೆ. ಮುಂದಿನ ಮಕ್ಕಳ ಶಿಬಿರದಲ್ಲಿ ದಿನಕ್ಕೊಂದು ಗಂಟೆಯನ್ನಾದರೂ ಅವರ ಕೈಗೆ ಒಪ್ಪಿಸೋಣವೇ? ಹೂಕಟ್ಟುವುದೋ, ಚೌಕಾಬಾರವೋ, ರಾಗಿಮುದ್ದೆ ತೊಳಸುವುದೋ, ಅವರಿಗೆ ಬಂದದ್ದನ್ನು ಅವರು ಕಲಿಸಲಿ. ಮಕ್ಕಳ ಪಕ್ಕದಲ್ಲಿ ನಾವೂ ಕುಳಿತು ಕಲಿಯೋಣ.